ಗಿಲ್ಮನ್ ಬೀದಿಯ ಗದ್ದಲ ಮಾರುಕಟ್ಟೆಗೆ ಬಂದ ಕಥೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬರ್ಕ್ಲಿ ಪಟ್ಟಣದಲ್ಲಿ ಗಿಲ್ಮನ್ ಎಂಬ ಬೀದಿಯಿದೆ. ಅಲ್ಲಿ ಬೆತ್ತದ ಕುರ್ಚಿ ಹೆಣೆಯುವ ಸಾಮಗ್ರಿ ಮಾರುವ ಅಂಗಡಿಯೊಂದರ ಪಕ್ಕಕ್ಕೆ 924ನೇ ನಂಬರಿನ ಬಾಗಿಲು. 1986ರ ಡಿಸೆಂಬರ್ 31ರ ರಾತ್ರಿ ಆ ಬಾಗಿಲೊಳಗೆ ಒಂದು ಸಂಗೀತ ಕ್ಲಬ್ ಆರಂಭವಾಯಿತು. ಕ್ಲಬ್ ಎಂದೊಡನೆ ಮದ್ಯ, ಮಂದ ಬೆಳಕು ಕಣ್ಣ ಮುಂದೆ ಬರಬಹುದು. ಆದರೆ ಈ ಕ್ಲಬ್ಬಿನ ರೀತಿಯೇ ಬೇರೆ. ಹೆಂಡವಿಲ್ಲ, ಮಾದಕ ವಸ್ತುವಿಲ್ಲ, ಹೊಡೆದಾಟವಿಲ್ಲ, ವರ್ಣದ್ವೇಷದ ಮಾತಿಲ್ಲ, ಹೆಣ್ಣನ್ನು ಹೀಯಾಳಿಸುವಂತಿಲ್ಲ ಎಂಬುದು ಒಳಗೆ ಬರುವ ಎಲ್ಲರಿಗೂ ಅನ್ವಯಿಸುವ ಕಟ್ಟಳೆ. ಟಿಕೆಟ್ ಕೊಡುವುದರಿಂದ ಹಿಡಿದು ಕಸ ಗುಡಿಸುವವರೆಗೆ ಎಲ್ಲ ಕೆಲಸವನ್ನೂ ಸಂಬಳವಿಲ್ಲದೆ ಮಾಡುತ್ತಿದ್ದವರು ಹದಿಹರೆಯದ ಹುಡುಗ ಹುಡುಗಿಯರು. ಇವೆಲ್ಲದರ ಜತೆಗೆ ಇನ್ನೊಂದು ನಿಯಮವೂ ಇತ್ತು. ದೊಡ್ಡ ಧ್ವನಿಮುದ್ರಣ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡ ತಂಡಕ್ಕೆ ಇಲ್ಲಿ ವೇದಿಕೆ ಇಲ್ಲ.

ಆ ನಿಯಮಕ್ಕೆ ಸಿಕ್ಕಿಬಿದ್ದವರಲ್ಲಿ ಹೆಚ್ಚು ಹೆಸರಾದ ತಂಡವೆಂದರೆ ಗ್ರೀನ್ ಡೇ. 2025ರ ಮಾರ್ಚ್‌ನಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸ್ ಮೈದಾನದಲ್ಲಿ ಸಾವಿರಾರು ಜನರ ಮುಂದೆ ಹಾಡಿಹೋದ ತಂಡ ಇದೇ. ತಾವು ಹುಟ್ಟಿ ಬೆಳೆದ ಕ್ಲಬ್ಬಿನಲ್ಲೇ ಈ ಹುಡುಗರಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹಾಡುವ ಅವಕಾಶವಿರಲಿಲ್ಲ. ಯಾಕೆ ಹೀಗಾಯಿತು ಎಂದು ಕೇಳಿದರೆ ಪಾಪ್ ಪಂಕ್ ಎಂಬ ಸಂಗೀತದ ಕಥೆಯನ್ನೂ, ಅದನ್ನು ಮಾರಿದ ಕಂಪನಿಗಳ ಕಥೆಯನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ.

ಪಂಕ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಹರಿದ ಅಂಗಿ, ಚುಚ್ಚಿದ ಪಿನ್ನು, ಬಣ್ಣ ಬಳಿದ ಕೂದಲು. ಸಂಗೀತದ ಮಟ್ಟಿಗೆ ಹೇಳುವುದಾದರೆ ಅದು ತೀರಾ ಸರಳ. ಮೂರ್ನಾಲ್ಕು ಗಿಟಾರ್ ಕಾರ್ಡ್‌ಗಳು, ಉಸಿರು ಕಟ್ಟಿಸುವ ವೇಗ, ಎರಡು ಎರಡೂವರೆ ನಿಮಿಷದಲ್ಲಿ ಹಾಡು ಮುಗಿಯಬೇಕು. ನ್ಯೂಯಾರ್ಕಿನ ರಾಮೋನ್ಸ್ ತಂಡ 1976ರಲ್ಲಿ ಹೊರತಂದ ಮೊದಲ ಆಲ್ಬಮ್‌ನಲ್ಲಿ 14 ಹಾಡುಗಳಿದ್ದು, ಎಲ್ಲ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಖರ್ಚಾದದ್ದು ಸುಮಾರು 6,400 ಡಾಲರ್. ವರ್ಷಗಟ್ಟಲೆ ಸ್ಟುಡಿಯೊದಲ್ಲಿ ಕುಳಿತು ಲಕ್ಷಾಂತರ ಡಾಲರ್ ಸುರಿಯುತ್ತಿದ್ದ ಆ ಕಾಲದ ರಾಕ್ ತಾರೆಗಳ ಎದುರು ಇದು ಬಡವರ ಮನೆಯ ಮದುವೆ. ಈ ಒರಟು ಸಂಗೀತಕ್ಕೆ ಅರವತ್ತರ ದಶಕದ ಪಾಪ್ ಹಾಡುಗಳ ಸಿಹಿಯಾದ, ಬಾಯಲ್ಲಿ ಉಳಿಯುವ ಧಾಟಿಯನ್ನು ಬೆರೆಸಿದರೆ ಸಿಗುವುದೇ ಪಾಪ್ ಪಂಕ್. ರಾಮೋನ್ಸ್ ಹಾಡುಗಳಲ್ಲೇ ಅದರ ಬೀಜವಿತ್ತು. ಪ್ರೇಮಭಂಗ, ಬೇಸರ, ಶಾಲೆಯ ಮೇಲಿನ ಸಿಟ್ಟು, ಅಪ್ಪ ಅಮ್ಮನ ಜತೆ ಜಗಳ ಅದರ ವಸ್ತು.

ಇನ್ನು ಲೇಬಲ್ ಎಂಬ ಮಾತು. ಗ್ರಾಮಫೋನ್ ಪ್ಲೇಟಿನ ನಡುವೆ ಅಂಟಿಸುತ್ತಿದ್ದ ದುಂಡನೆಯ ಚೀಟಿಯೇ ಲೇಬಲ್. ಎಚ್.ಎಂ.ವಿ.ಯ ನಾಯಿಯ ಚಿತ್ರ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕ್ರಮೇಣ ಆ ಚೀಟಿಯ ಹೆಸರೇ ಕಂಪನಿಗೂ ಬಂತು. ಪ್ಲೇಟು ಒತ್ತಿಸುವುದು, ಅಂಗಡಿಗೆ ತಲುಪಿಸುವುದು, ರೇಡಿಯೊದವರ ಕಿವಿಗೆ ಬೀಳುವಂತೆ ಮಾಡುವುದು ಅದರ ಕೆಲಸ. ಇದೆಲ್ಲ ದೊಡ್ಡ ಬಂಡವಾಳದವರಿಗಷ್ಟೇ ಸಾಧ್ಯ ಎಂಬ ನಂಬಿಕೆ ಬಹುಕಾಲ ಇತ್ತು.

ಆ ನಂಬಿಕೆಗೆ ಪೆಟ್ಟು ಕೊಟ್ಟವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು ಮುಖ್ಯರು. ಸುಮಾರು 500 ಪೌಂಡ್ ಸಾಲ ಎತ್ತಿ, ತಮ್ಮದೇ ಲೇಬಲ್ ಹುಟ್ಟುಹಾಕಿ, 1977ರ ಜನವರಿಯಲ್ಲಿ ನಾಲ್ಕು ಹಾಡುಗಳ ಪುಟ್ಟ ಪ್ಲೇಟೊಂದನ್ನು ಹೊರತಂದರು. ಮೊದಲು ಒತ್ತಿಸಿದ್ದು ಸಾವಿರ ಪ್ರತಿ. ಪ್ಲೇಟಿನ ಹೊದಿಕೆಯ ಮೇಲೆ ಒಂದೊಂದು ಹಾಡನ್ನೂ ಎಷ್ಟನೇ ಪ್ರಯತ್ನದಲ್ಲಿ ಮುದ್ರಿಸಲಾಯಿತು ಎಂಬ ಲೆಕ್ಕವನ್ನೂ ಕೊಟ್ಟಿದ್ದರು. ಇದರಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ, ನೀವೂ ಮಾಡಬಹುದು ಎಂಬುದು ಅದರ ಇಂಗಿತ. ಪ್ಲೇಟು 16 ಸಾವಿರ ಪ್ರತಿಯವರೆಗೂ ಹೋಯಿತು. ತಮಾಷೆಯೆಂದರೆ ಅದೇ ವರ್ಷ ಆಗಸ್ಟ್ 16ರಂದು, ಎಲ್ವಿಸ್ ಪ್ರೀಸ್ಲಿ ತೀರಿಕೊಂಡ ದಿನವೇ, ಬಝ್‌ಕಾಕ್ಸ್ ತಂಡ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ದೊಡ್ಡ ಕಂಪನಿಯ ಕರಾರಿಗೆ ಸಹಿ ಹಾಕಿತು. ಸ್ವಂತ ದಾರಿ ಹಿಡಿದವರು ಏಳೇ ತಿಂಗಳಲ್ಲಿ ಹೆದ್ದಾರಿಗೆ ಬಂದಿದ್ದರು.

ಬೆಟ್ಟದ ಮೇಲಿನ ಕಂಪನಿ

ಕ್ಯಾಲಿಫೋರ್ನಿಯಾದಲ್ಲಿ ಈ ಮಾದರಿ ಬೇಗ ಬೇರೂರಿತು. ಲಾಸ್ ಏಂಜಲೀಸ್‌ನಲ್ಲಿ ಬ್ರೆಟ್ ಗುರೆವಿಟ್ಜ್ ಎಂಬ ಹುಡುಗ ತಂದೆಯಿಂದ ಸಾಲ ಪಡೆದು, ತನ್ನ ಬ್ಯಾಡ್ ರಿಲಿಜನ್ ತಂಡದ ಹಾಡುಗಳನ್ನು ಹೊರತರಲೆಂದು ಎಂಬತ್ತರ ದಶಕದ ಆರಂಭದಲ್ಲಿ ಎಪಿಟಾಫ್ ಎಂಬ ಲೇಬಲ್ ಹುಟ್ಟುಹಾಕಿದ. ಅದೇ ಸುತ್ತಿನಲ್ಲಿ ಡಿಸೆಂಡೆಂಟ್ಸ್ ಎಂಬ ತಂಡ 1982ರಲ್ಲಿ ತನ್ನ ಮೊದಲ ಆಲ್ಬಮ್ ತಂದಿತು. ಗಾಯಕ ಮೈಲೊ ಓಕರ್ಮನ್ ಕಾಲೇಜಿಗೆ ಹೋಗಲು ತಂಡ ಬಿಟ್ಟದ್ದನ್ನೇ ಆಲ್ಬಮ್ಮಿನ ಹೆಸರಾಗಿಸಿದ್ದರು. ಮುಂದೆ ಪಾಪ್ ಪಂಕ್ ಹಾಡಿದ ಅನೇಕರು ಈ ಆಲ್ಬಮ್ಮನ್ನು ತಮ್ಮ ಪಾಠಪುಸ್ತಕವೆಂದೇ ಭಾವಿಸಿದ್ದಾರೆ. ಓಕರ್ಮನ್ ಮಾತ್ರ ಓದು ಮುಂದುವರಿಸಿ ಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು.

ಉತ್ತರಕ್ಕೆ, ಲೇಟನ್‌ವಿಲ್ ಎಂಬ ಬೆಟ್ಟದೂರಿನಲ್ಲಿ, ಲ್ಯಾರಿ ಲಿವರ್ಮೋರ್ ಎಂಬಾತ ಲುಕೌಟ್ ಎಂಬ ಪುಟ್ಟ ಪತ್ರಿಕೆ ನಡೆಸುತ್ತಿದ್ದರು. ಅದೇ ಹೆಸರಿನ ತಂಡವೊಂದನ್ನೂ ಕಟ್ಟಿಕೊಂಡಿದ್ದ ಅವರಿಗೆ ಡ್ರಮ್ ಬಾರಿಸಲು ಸಿಕ್ಕಿದ್ದು ನೆರೆಹೊರೆಯ 12 ವರ್ಷದ ಪೋರ. ಅವನಿಗೆ ಟ್ರೆ ಕೂಲ್ ಎಂದು ನಾಮಕರಣ ಮಾಡಿದ್ದೂ ಲಿವರ್ಮೋರ್ ಅವರೇ. 1987ರಲ್ಲಿ ಡೇವಿಡ್ ಹೇಯ್ಸ್ ಜತೆ ಸೇರಿ ಅವರು ಲುಕೌಟ್ ರೆಕಾರ್ಡ್ಸ್ ಆರಂಭಿಸಿದರು. ಗಿಲ್ಮನ್ ಕ್ಲಬ್ಬಿನ ತಂಡಗಳೇ ಅದರ ಸರಕು. ಆಪರೇಷನ್ ಐವಿ ಎಂಬ ತಂಡದ ಏಕೈಕ ಆಲ್ಬಮ್ 1989ರಲ್ಲಿ ಬಂತು, ತಂಡ ಅದೇ ವರ್ಷ ಒಡೆಯಿತು, ಆದರೆ ಆಲ್ಬಮ್ ಮಾತ್ರ ವರ್ಷಗಟ್ಟಲೆ ಮಾರಾಟವಾಗುತ್ತಲೇ ಇತ್ತು. ಖರ್ಚು ಕಳೆದು ಉಳಿದ ಲಾಭದಲ್ಲಿ ಹೆಚ್ಚಿನ ಪಾಲು ತಂಡಕ್ಕೆ, ಉಳಿದದ್ದು ಕಂಪನಿಗೆ ಎಂಬುದು ಲುಕೌಟ್ ಪದ್ಧತಿ. ದೊಡ್ಡ ಕಂಪನಿಗಳಲ್ಲಿ ಕಲಾವಿದನಿಗೆ ಸಿಗುತ್ತಿದ್ದ ಪಾಲನ್ನು ನೋಡಿದರೆ ಇದು ಉದಾರವೇ ಸರಿ.

ಆ ದಿನಗಳಲ್ಲೇ ರೋಡಿಯೊ ಎಂಬ ತೈಲ ಶುದ್ಧೀಕರಣ ಘಟಕದ ಊರಿನ ಹುಡುಗ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ತನ್ನ ಗೆಳೆಯ ಮೈಕ್ ಡರ್ಂಟ್ ಜತೆ ಸ್ವೀಟ್ ಚಿಲ್ಡ್ರನ್ ಎಂಬ ತಂಡ ಕಟ್ಟಿದ್ದ. ಬೆಟ್ಟದ ಮನೆಯೊಂದರಲ್ಲಿ ಬೆರಳೆಣಿಕೆಯ ಕೇಳುಗರ ಮುಂದೆ ಇವರು ಹಾಡಿದ್ದನ್ನು ಕೇಳಿಯೇ ಲಿವರ್ಮೋರ್ ಪ್ಲೇಟು ತರಲು ಮುಂದಾದರು. ಪ್ಲೇಟು ಬರುವ ಹೊತ್ತಿಗೆ ತಂಡದ ಹೆಸರು ಗ್ರೀನ್ ಡೇ ಆಗಿತ್ತು. 1990ರಲ್ಲಿ ಮೊದಲ ಆಲ್ಬಮ್ ಬಂತು. ಆಮೇಲೆ ಡ್ರಮ್ ಹಿಡಿದವನು ಅದೇ ಟ್ರೆ ಕೂಲ್. ಮಗನ ತಂಡಕ್ಕಾಗಿ ಅವನ ತಂದೆ ಹಳೆಯ ಸಂಚಾರಿ ಗ್ರಂಥಾಲಯದ ವಾಹನವೊಂದನ್ನು ಸಜ್ಜುಗೊಳಿಸಿ, ತಾವೇ ಚಾಲಕರಾಗಿ ಊರೂರು ಸುತ್ತಿಸಿದರು. 1992ರ ಹೊತ್ತಿಗೆ ಬಂದ ಎರಡನೆಯ ಆಲ್ಬಮ್ 50 ಸಾವಿರ ಪ್ರತಿ ದಾಟಿತು. ಜಾಹೀರಾತಿಲ್ಲದೆ, ರೇಡಿಯೊ ಇಲ್ಲದೆ.

ಸಹಿ ಹಾಕಿದ ತಪ್ಪಿಗೆ

ಅಷ್ಟರಲ್ಲಿ ಎರಡು ಬದಲಾವಣೆಗಳಾಗಿದ್ದವು. 1991ರ ಮೇ ತಿಂಗಳಿಂದ ಬಿಲ್‌ಬೋರ್ಡ್ ಪತ್ರಿಕೆ ತನ್ನ ಜನಪ್ರಿಯ ಆಲ್ಬಮ್ ಪಟ್ಟಿಯನ್ನು ಅಂಗಡಿಯವರ ಬಾಯಿಮಾತಿನ ಬದಲು ಗಲ್ಲಾದ ಗಣಕ ದಾಖಲೆಗಳಿಂದ ತಯಾರಿಸತೊಡಗಿತು. ಯಾವುದು ನಿಜಕ್ಕೂ ಮಾರಾಟವಾಗುತ್ತಿದೆ ಎಂಬುದು ಕಂಪನಿಗಳಿಗೆ ಗೊತ್ತಾಗತೊಡಗಿತು. ಎರಡನೆಯದು ನಿರ್ವಾಣ ತಂಡದ ಯಶಸ್ಸು. 1992ರ ಜನವರಿಯಲ್ಲಿ ಅದು ಮೈಕೆಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಪಟ್ಟಿಯ ತುದಿಗೇರಿದ್ದೇ ತಡ, ದೊಡ್ಡ ಕಂಪನಿಗಳ ಪ್ರತಿನಿಧಿಗಳು ಚೆಕ್‌ಬುಕ್ ಹಿಡಿದು ಸಣ್ಣ ಕ್ಲಬ್ಬುಗಳ ಬಾಗಿಲಿಗೆ ಬಂದು ನಿಂತರು.

ಚೆಕ್ಕಿನ ಗುಟ್ಟನ್ನು ಷಿಕಾಗೊದ ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ 1993ರಲ್ಲಿ ದಿ ಬ್ಯಾಫ್ಲರ್ ಪತ್ರಿಕೆಯ ಲೇಖನವೊಂದರಲ್ಲಿ ಬಿಡಿಸಿಟ್ಟರು. ಮುಂಗಡವೆಂದರೆ ಉಡುಗೊರೆಯಲ್ಲ, ಸಾಲ. ಸ್ಟುಡಿಯೊ ಬಾಡಿಗೆ, ವಿಡಿಯೊ ಚಿತ್ರಣ, ಪ್ರವಾಸದ ವ್ಯಾನು, ವಕೀಲ, ಮ್ಯಾನೇಜರ್ ಎಲ್ಲ ಖರ್ಚೂ ತಂಡದ ಲೆಕ್ಕಕ್ಕೇ ಬರುತ್ತದೆ. ತಂಡಕ್ಕೆ ಬರಬೇಕಾದ ರಾಯಲ್ಟಿಯಿಂದ ಸಾಲ ತೀರುವತನಕ ಕೈಗೆ ಬಿಡಿಗಾಸೂ ಸಿಗದು. ಆಲ್ಬಿನಿ ಕೊಟ್ಟ ಕಲ್ಪಿತ ಉದಾಹರಣೆಯಲ್ಲಿ ಆಲ್ಬಮ್ಮಿನ ಎರಡೂವರೆ ಲಕ್ಷ ಪ್ರತಿ ಮಾರಾಟವಾಗಿ, ಕಂಪನಿಗೆ 7 ಲಕ್ಷ 10 ಸಾವಿರ ಡಾಲರ್ ಉಳಿಯುತ್ತದೆ. ಹಾಡಿದವರಿಗೆ ತಲಾ ನಾಲ್ಕು ಸಾವಿರ ಚಿಲ್ಲರೆ ಡಾಲರ್. ಸಾಲದ್ದಕ್ಕೆ ರಾಯಲ್ಟಿ ಖಾತೆಯಲ್ಲಿ 14 ಸಾವಿರ ಬಾಕಿ ಬೇರೆ! ನಮ್ಮ ಹಳ್ಳಿಗಳ ಸಾಹುಕಾರರ ಲೆಕ್ಕದ ಪುಸ್ತಕ ಕಂಡವರಿಗೆ ಇದೇನೂ ಹೊಸದಾಗಿ ತೋರಲಾರದು.

ಲೆಕ್ಕ ಗೊತ್ತಿದ್ದೂ ಗ್ರೀನ್ ಡೇ 1993ರಲ್ಲಿ ವಾರ್ನರ್ ಬಳಗದ ರಿಪ್ರೈಸ್ ಕಂಪನಿಗೆ ಸಹಿ ಹಾಕಿತು. 1994ರ ಫೆಬ್ರುವರಿ 1ರಂದು ಬಂದ 'ಡೂಕಿ' ಆಲ್ಬಮ್ 1999ರ ವೇಳೆಗೆ ಅಮೆರಿಕವೊಂದರಲ್ಲೇ ಒಂದು ಕೋಟಿ ಪ್ರತಿ ದಾಟಿತು. ಅದೇ ಏಪ್ರಿಲ್‌ನಲ್ಲಿ ಎಪಿಟಾಫ್ ಹೊರತಂದ ಆಫ್‌ಸ್ಪ್ರಿಂಗ್ ತಂಡದ 'ಸ್ಮ್ಯಾಶ್' ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಸ್ವತಂತ್ರ ಲೇಬಲ್ಲಿನ ಆಲ್ಬಮ್ಮೊಂದಕ್ಕೆ ಅದು ದಾಖಲೆ. ತಂದೆಯ ಸಾಲದಿಂದ ಹುಟ್ಟಿದ ಕಂಪನಿಯ ವ್ಯವಹಾರ ಎಷ್ಟು ಬೆಳೆಯಿತೆಂದರೆ ಗುರೆವಿಟ್ಜ್ ತಾನೇ ಕಟ್ಟಿದ ಬ್ಯಾಡ್ ರಿಲಿಜನ್ ತಂಡದಿಂದ ಹೊರಬಂದು ಪೂರ್ಣಾವಧಿ ವ್ಯಾಪಾರಕ್ಕೆ ನಿಂತ. ಅಷ್ಟು ಹೊತ್ತಿಗೆ ಆ ತಂಡವೇ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿಗೆ ಹೋಗಿಯಾಗಿತ್ತು. ಆಫ್‌ಸ್ಪ್ರಿಂಗ್ ಕೂಡ ಎರಡು ವರ್ಷದಲ್ಲಿ ಕೊಲಂಬಿಯಾ ಸೇರಿತು.

ಗಿಲ್ಮನ್ ಬೀದಿಯವರ ಪಾಲಿಗೆ ಇವರೆಲ್ಲ ಮಾರಿಕೊಂಡವರು. ಪ್ರಭಾವಿ ಪಂಕ್ ಪತ್ರಿಕೆ ಮ್ಯಾಕ್ಸಿಮಮ್ ರಾಕ್‌ನ್‌ರೋಲ್ ದೊಡ್ಡ ಕಂಪನಿಗಳ ಪ್ಲೇಟುಗಳಿಗೆ ವಿಮರ್ಶೆಯನ್ನೂ ಬರೆಯಲಿಲ್ಲ, ಅವುಗಳ ಜಾಹೀರಾತನ್ನೂ ಮುಟ್ಟಲಿಲ್ಲ. ಅದರ ಸಂಪಾದಕ ಟಿಮ್ ಯೊಹಾನನ್ ಗಿಲ್ಮನ್ ಕ್ಲಬ್ಬಿನ ಸ್ಥಾಪಕರಲ್ಲೊಬ್ಬರು. ತತ್ವಕ್ಕೆ ಇಷ್ಟು ಅಂಟಿಕೊಂಡವರನ್ನು ಗೌರವಿಸಬೇಕು. ಆದರೆ ಅದೇ ತತ್ವ ಕೆಲವರ ಕೈಯಲ್ಲಿ ದೊಣ್ಣೆಯೂ ಆಯಿತು. 1994ರ ಮೇ ತಿಂಗಳಲ್ಲಿ ಡೆಡ್ ಕೆನಡೀಸ್ ತಂಡದ ಹಿರಿಯ ಗಾಯಕ ಜೆಲ್ಲೊ ಬಿಯಾಫ್ರಾ ಅವರನ್ನು ಗಿಲ್ಮನ್ ಕ್ಲಬ್ಬಿನೊಳಗೇ ಕೆಲವರು ಮಾರಿಕೊಂಡವನೆಂದು ಬೈಯುತ್ತ ಥಳಿಸಿದರು. ಬಿಯಾಫ್ರಾ ಜೀವಮಾನವಿಡೀ ಸ್ವತಂತ್ರ ಲೇಬಲ್ ನಡೆಸಿದವರು ಎಂಬುದು ಹೊಡೆದವರಿಗೆ ಮುಖ್ಯವಾಗಲಿಲ್ಲ.

ಜಾಬ್ರೇಕರ್ ತಂಡದ ಪಾಡು ಇನ್ನೂ ಕನಿಕರದ್ದು. ದೊಡ್ಡ ಕಂಪನಿಗೆ ಹೋಗುವುದಿಲ್ಲವೆಂದು ವೇದಿಕೆಯಿಂದಲೇ ಹೇಳುತ್ತಿದ್ದ ಈ ತಂಡ ಕೊನೆಗೆ ಗೆಫೆನ್ ಬಳಗಕ್ಕೆ ಸಹಿ ಹಾಕಿ 1995ರಲ್ಲಿ ಆಲ್ಬಮ್ ತಂದಿತು. ಹಳೆಯ ಅಭಿಮಾನಿಗಳು ಕಛೇರಿಗಳಲ್ಲಿ ವೇದಿಕೆಗೆ ಬೆನ್ನು ಹಾಕಿ ಕುಳಿತರೆಂದು ಹೇಳುತ್ತಾರೆ. ಹೊಸ ಕೇಳುಗರು ಬರಲಿಲ್ಲ. ಮರುವರ್ಷವೇ ತಂಡ ಒಡೆಯಿತು. ಡೂಕಿಯಂಥ ಒಂದು ಗೆಲುವಿನ ಹಿಂದೆ ಇಂಥ ಸೋಲುಗಳು ಹಲವಿದ್ದವು.

ಗೆದ್ದು ಸೋತ ಲುಕೌಟ್

ಇಷ್ಟಾದರೂ ಗ್ರೀನ್ ಡೇ ತನ್ನ ಮೊದಲ ಎರಡು ಆಲ್ಬಮ್‌ಗಳನ್ನು ಲುಕೌಟ್ ಬಳಿಯೇ ಬಿಟ್ಟಿತ್ತು. ಡೂಕಿ ಕೇಳಿದವರೆಲ್ಲ ಹಳೆಯ ಆಲ್ಬಮ್‌ಗಳನ್ನೂ ಹುಡುಕಿ ಕೊಂಡರು. ಬೆಟ್ಟದ ಮೇಲೆ ಹುಟ್ಟಿದ ಕಂಪನಿಗೆ ಹಣದ ಮಳೆ ಸುರಿಯಿತು. ಲಿವರ್ಮೋರ್ 1997ರಲ್ಲಿ ಕಂಪನಿ ಬಿಟ್ಟರು. ಚುಕ್ಕಾಣಿ ಹಿಡಿದ ಕಿರಿಯರು ಹೊಸ ಹೊಸ ತಂಡಗಳ ಪ್ರಚಾರಕ್ಕೆ ಧಾರಾಳವಾಗಿ ಖರ್ಚು ಮಾಡಿದರು. ಪ್ಲೇಟಿನ ವ್ಯಾಪಾರದಲ್ಲಿ ಒಂದು ಅಪಾಯವಿದೆ. ಒತ್ತಿಸುವ ಕಾರ್ಖಾನೆಗೆ ಹಣ ಮೊದಲೇ ಕೊಡಬೇಕು, ವಿತರಕನಿಂದ ಬರುವುದು ತಿಂಗಳುಗಳ ನಂತರ, ಮಾರಾಟವಾಗದ ಪ್ರತಿಗಳು ವಾಪಸು ಬರುತ್ತವೆ. ಈ ನಡುವಿನ ಕಂದಕ ತುಂಬಲು ಸುಲಭವಾಗಿ ಕೈಗೆ ಸಿಗುವುದು ಹಳೆಯ ತಂಡಗಳಿಗೆ ಕೊಡಬೇಕಾದ ರಾಯಲ್ಟಿಯ ಹಣ. ಲುಕೌಟ್‌ನಲ್ಲಿ ಆದದ್ದೂ ಅದೇ, ರಾಯಲ್ಟಿ ಬಾಕಿ ಬೆಳೆಯುತ್ತ ಹೋಯಿತು. ಕಲಾವಿದನಿಗೆ ಹೆಚ್ಚು ಪಾಲು ಕೊಡುತ್ತೇವೆಂದು ಹೊರಟ ಕಂಪನಿ ಕಲಾವಿದನ ಪಾಲನ್ನೇ ಉಳಿಸಿಕೊಂಡಿತ್ತು.

2005ರ ಆಗಸ್ಟ್‌ನಲ್ಲಿ ಗ್ರೀನ್ ಡೇ ತನ್ನ ಆಲ್ಬಮ್‌ಗಳನ್ನು ಹಿಂದಕ್ಕೆ ಪಡೆಯಿತು. ಆಪರೇಷನ್ ಐವಿಯವರೂ ಅದೇ ದಾರಿ ಹಿಡಿದರು. ಅನ್ನ ಕೊಡುತ್ತಿದ್ದ ಆಲ್ಬಮ್‌ಗಳೇ ಹೋದಮೇಲೆ ಕಂಪನಿ ಚೇತರಿಸಿಕೊಳ್ಳಲಿಲ್ಲ. 2012ರಲ್ಲಿ ಲುಕೌಟ್ ಅಧಿಕೃತವಾಗಿ ಬಾಗಿಲು ಹಾಕಿತು. ಬೆಟ್ಟದ ಮನೆಯಲ್ಲಿ ಆರಂಭವಾದ ಆ ಎರಡು ಆಲ್ಬಮ್‌ಗಳು 2007ರಲ್ಲಿ ಮರುಮುದ್ರಣವಾದದ್ದು ವಾರ್ನರ್ ಬಳಗದ ರಿಪ್ರೈಸ್ ಹೆಸರಿನಲ್ಲಿ.

ದೊಡ್ಡ ಕಂಪನಿಗಳು ಅಷ್ಟರಲ್ಲಿ ಬುದ್ಧಿ ಕಲಿತಿದ್ದವು. ಸಣ್ಣ ಲೇಬಲ್ಲನ್ನು ಸೋಲಿಸುವುದಕ್ಕಿಂತ ಅದನ್ನು ಸಸಿಮಡಿಯಾಗಿ ಬಳಸುವುದು ಲಾಭಕರ. ಅಣ್ಣ ತಂಗಿ ಸೇರಿ ಕಟ್ಟಿದ ಡ್ರೈವ್‌ಥ್ರೂ ಲೇಬಲ್ ಎಂ.ಸಿ.ಎ. ಕಂಪನಿಯ ಜತೆ ಒಪ್ಪಂದ ಮಾಡಿಕೊಂಡಿತು, ಚೆನ್ನಾಗಿ ಬೆಳೆದ ತಂಡ ದೊಡ್ಡ ಹೊಲಕ್ಕೆ ನಾಟಿಯಾಗುತ್ತಿತ್ತು. ಫಾಲ್ ಔಟ್ ಬಾಯ್ ತಂಡದ 2003ರ ಆಲ್ಬಮ್ ಹೊರಬಂದದ್ದು ಫ್ಲಾರಿಡಾದ ಫ್ಯೂಯೆಲ್ಡ್ ಬೈ ರಾಮೆನ್ ಎಂಬ ಪುಟ್ಟ ಲೇಬಲ್ಲಿನಿಂದ, ಅದಕ್ಕೆ ಹಿಂದಿನಿಂದ ಹಣ ಒದಗಿಸಿದ್ದು ಐಲೆಂಡ್ ಎಂಬ ದೊಡ್ಡ ಕಂಪನಿ. ಬಡ ವಿದ್ಯಾರ್ಥಿಗಳ ಅಗ್ಗದ ನೂಡಲ್ಸ್ ಹೆಸರಿಟ್ಟುಕೊಂಡ ಆ ಲೇಬಲ್ಲಿನ ಸ್ಥಾಪಕರಲ್ಲೊಬ್ಬರಾದ ಜಾನ್ ಜಾನಿಕ್ ಮುಂದೆ ಇಂಟರ್‌ಸ್ಕೋಪ್ ಗೆಫೆನ್ ಎ ಅಂಡ್ ಎಂ ಎಂಬ ದೈತ್ಯ ಕಂಪನಿಯ ಮುಖ್ಯಸ್ಥರೇ ಆದರು.

2015ರ ಮಾರ್ಚ್‌ನಲ್ಲಿ ಬರ್ಕ್ಲಿ ಪಕ್ಕದ ಓಕ್ಲೆಂಡ್‌ನಲ್ಲಿ ಬೆಂಕಿ ಅನಾಹುತವಾಗಿ, ಎ.ಕೆ. ಪ್ರೆಸ್ ಎಂಬ ಪ್ರಕಾಶನ ಸಂಸ್ಥೆಗೂ ಒಂದು ಮುದ್ರಣಾಲಯಕ್ಕೂ ನಷ್ಟವಾಯಿತು. ಅವುಗಳ ಸಹಾಯಾರ್ಥವಾಗಿ ಅದೇ ಮೇ 17ರಂದು ಗಿಲ್ಮನ್ ಬೀದಿಯ 924ನೇ ನಂಬರಿನಲ್ಲಿ ಒಂದು ಕಾರ್ಯಕ್ರಮ ನಡೆಯಿತು. ಅಂದು ಹಾಡಿದ ಮುಖ್ಯ ತಂಡ ಗ್ರೀನ್ ಡೇ.