ಕೋವಿ ಹಿಡಿಯುವ ವಯಸ್ಸು

ಕೊಪ್ಪ ತಾಲ್ಲೂಕಿನ ಕಮ್ಮರಡಿಯ ಕಡೆ ಕೋವಿ ಹೊಸ ವಸ್ತುವಲ್ಲ. ಹಂದಿ, ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದ ಕೋವಿ ಮಲೆನಾಡಿನ ಹಲವು ಮನೆಗಳಲ್ಲಿದೆ. ಚುನಾವಣೆ ಬಂದಾಗ ಅದು ಪೊಲೀಸ್ ಠಾಣೆ ಸೇರುತ್ತದೆ. ಉಳಿದ ದಿನ ಮಕ್ಕಳಿರುವ ಮನೆಯಲ್ಲೇ ಇರುತ್ತದೆ. ಅದನ್ನು ಅವರ ಕೈಗೆ ಯಾವಾಗ ಕೊಡಬಹುದು ಎಂಬ ಪ್ರಶ್ನೆಗೂ ಒಂದು ಚರಿತ್ರೆಯಿದೆ.

ಇದೇ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಹಿಂದಿನ ಬೇಟೆಯ ಪರಿಚಯವಿರುತ್ತದೆ. ಕೋವಿಯವರು ಬಿಲ್ಲಿಗೆ ನಿಂತರೆ, ಉಳಿದವರು ನಾಯಿಗಳೊಡನೆ ಹಳುವಿಗೆ ನುಗ್ಗಿ ಸೋವುತ್ತಿದ್ದರು. ಹಂದಿ ಬರುವ ದಿಕ್ಕಿನಲ್ಲೇ ಮನುಷ್ಯರೂ ಇರುತ್ತಿದ್ದರು. ಪೊದೆ ಅಲುಗಿದ ಮಾತ್ರಕ್ಕೆ ಈಡು ಹಾರಿಸುವವನು ಎಷ್ಟೇ ಗುರಿಕಾರನಾದರೂ ಅಪಾಯವೇ.

ಆ ಕಾಲದ ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆ ತುಂಬಬೇಕಿತ್ತು. ತುಂಬಿದ ಈಡನ್ನು ತೆಗೆಯುವುದು ಸುಲಭವಲ್ಲ. ಖಾಲಿ ಕೋವಿಗೂ ತುಂಬಿದ ಕೋವಿಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಕೇಪು ತೆಗೆದು, ನಳಿಗೆಗೆ ಗಜ ಇಳಿಸಿ, ಎಷ್ಟು ಹೊರಗೆ ಉಳಿಯಿತೆಂದು ನೋಡಿಯೇ ತಿಳಿಯಬೇಕು.

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವ ಪದ್ಧತಿಯಿತ್ತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಅಲ್ಲಿ ಮಗು ಕೋವಿಯನ್ನು ಮೊದಲು ಕಾಣುವುದು ಹಿರಿಯರ ನಡುವೆ, ಗೌರವದ ವಸ್ತುವಾಗಿ.

ಕಾನೂನು ಕೇಳುವುದು ವರ್ಷ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಹೊಂದಲು 16 ವರ್ಷ ತುಂಬಿರಬೇಕೆಂದಿತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ತರಬೇತಿಗೆ ಮಾತ್ರ, ಹಿರಿಯರ ನೇರ ಉಸ್ತುವಾರಿಯಲ್ಲಿ, 12 ತುಂಬಿದವರಿಗೆ ಅವಕಾಶವಿದೆ. ಈ ನಡುವೆ 1972ರ ವನ್ಯಜೀವಿ ಕಾಯ್ದೆ ಬಂದು ಹಳೆಯ ಬೇಟೆಯೂ ನಿಂತಿತು.

12 ಎಂಬುದು ಬಾಗಿಲು ತೆರೆಯುವ ವಯಸ್ಸು. ಒಳಗೆ ಬರಲು ಮಗು ಸಿದ್ಧವಿದೆಯೇ ಎಂದು ಅದು ಹೇಳುವುದಿಲ್ಲ. ನನ್ನ ಅಳತೆ ಬೇರೆ. ಅಪ್ಪನೇ ‘ಖಾಲಿ ಇದೆ ಮಾರಾಯ’ ಎಂದರೂ ಮಗು ತಾನೇ ನೋಡಿಕೊಳ್ಳುತ್ತದೆಯೇ? ಸ್ನೇಹಿತರು ಹುರಿದುಂಬಿಸಿದಾಗ ಕೋವಿ ಕೆಳಗಿಡುತ್ತದೆಯೇ? ಗುರಿಯ ಹಿಂದೆ ಏನಿದೆ ಎಂದು ಕೇಳುತ್ತದೆಯೇ? ಇಷ್ಟಕ್ಕೂ ಹೌದೆಂದರೆ ಕಲಿಸಬಹುದು. ಆದರೆ ಈಡು ತುಂಬಿದ ಕೋವಿಯನ್ನು ಗೋಡೆಗೆ ನೇತುಹಾಕುವ ಮನೆಯಲ್ಲಿ ಈ ಪರೀಕ್ಷೆ ಮೊದಲು ಆಗಬೇಕಾದದ್ದು ಹಿರಿಯರಿಗೆ.