ಅಪರ್ಣಾ ವಸ್ತಾರೆ: ವೃತ್ತಿಜೀವನದ ಕಾಲನಿರ್ಣಯ ಕುರಿತು ಒಂದು ಟಿಪ್ಪಣಿ

1. ಜನನವರ್ಷ
ನಿರೂಪಕಿ, ನಟಿ ಅಪರ್ಣಾ ಅವರು 2024ರ ಜುಲೈ 11ರಂದು ಬೆಂಗಳೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ವಯಸ್ಸನ್ನು ಅಂದಿನ ಕೆಲವು ವರದಿಗಳು 57 ಎಂದರೆ, ಕೆಲವು 51 ಎಂದವು. ಎರಡನೆಯದನ್ನು ಒಪ್ಪಿದರೆ ಜನನ 1972-73ಕ್ಕೆ ಬೀಳುತ್ತದೆ. ಹಾಗಾದರೆ 1984ರ ಸುಮಾರಿಗೆ, ಅವರ ಮೊದಲ ಚಿತ್ರ ‘ಮಸಣದ ಹೂವು’ ಚಿತ್ರೀಕರಣದ ಹೊತ್ತಿಗೆ, ಅವರಿಗೆ ಹನ್ನೊಂದೋ ಹನ್ನೆರಡೋ ಆಗಿರಬೇಕು. ಆ ಚಿತ್ರದಲ್ಲಿ ಅಂಬರೀಶ್, ಜಯಂತಿ ಅವರೊಂದಿಗೆ ಅವರು ನಿರ್ವಹಿಸಿದ್ದು ಯುವತಿಯ ಪ್ರಧಾನ ಪಾತ್ರ, ಬಾಲನಟಿಯದಲ್ಲ. ಹೀಗಾಗಿ ಸಾಮಾನ್ಯವಾಗಿ ಉಲ್ಲೇಖವಾಗುವ 1966 ಎಂಬ ಜನನವರ್ಷವೇ ಆಂತರಿಕ ಸಾಕ್ಷ್ಯಕ್ಕೆ ಹೊಂದುತ್ತದೆ. 51 ಎಂಬ ಅಂಕಿಯನ್ನು ಕೈಬಿಡಬಹುದು.

2. ಮೊದಲ ಚಿತ್ರ
ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ ‘ಮಸಣದ ಹೂವು’ ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ. ಅಪರ್ಣಾ ಅವರ ಚಿತ್ರರಂಗ ಪ್ರವೇಶವನ್ನು ಹಲವರು 1984 ಎಂದು ಬರೆದಿದ್ದಾರೆ. ಪುಟ್ಟಣ್ಣ ನಿಧನರಾದದ್ದು 1985ರ ಜೂನ್ 5ರಂದು. ಚಿತ್ರದ ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿ (ರವಿ) ಪೂರ್ಣಗೊಳಿಸಿದರು. ಆದ್ದರಿಂದ 1984 ತಯಾರಿಕೆಯ ವರ್ಷವಾಗಿರಬಹುದೇ ಹೊರತು ಬಿಡುಗಡೆಯದಲ್ಲ.

3. ದೂರದರ್ಶನ
‘1990ರಿಂದ ಚಂದನದಲ್ಲಿ ನಿರೂಪಕಿ’ ಎಂಬ ಒಕ್ಕಣೆಯನ್ನು ತುಸು ತಿದ್ದಿ ಓದಬೇಕು. ಬೆಂಗಳೂರು ದೂರದರ್ಶನ ಕೇಂದ್ರದ ಕನ್ನಡ ಉಪಗ್ರಹ ವಾಹಿನಿಯಾದ ಚಂದನ ಆರಂಭವಾದದ್ದು 1994ರಲ್ಲಿ, ಅದೂ ಡಿಡಿ-9 ಎಂಬ ಹೆಸರಿನಲ್ಲಿ. ಅದಕ್ಕೂ ಹಿಂದಿನ ಕೆಲಸವನ್ನು ‘ಬೆಂಗಳೂರು ದೂರದರ್ಶನ’ ಎಂದು ನಮೂದಿಸುವುದೇ ಸರಿ. 1998ರ ದೀಪಾವಳಿಯಂದು ಸತತ ಎಂಟು ಗಂಟೆ ನಿರೂಪಣೆ ಮಾಡಿದರೆಂಬ ಸಂಗತಿ ಬಹುತೇಕ ಎಲ್ಲ ಪರಿಚಯಗಳಲ್ಲಿದೆ. ಅದನ್ನು ‘ದಾಖಲೆ’ ಎನ್ನುವವರು ದೃಢೀಕರಿಸಿದ ಸಂಸ್ಥೆಯನ್ನು ಹೆಸರಿಸುವುದಿಲ್ಲವಾದ್ದರಿಂದ ಆ ಪದವನ್ನು ಶ್ಲಾಘನೆಯ ಅರ್ಥದಲ್ಲಿ ಮಾತ್ರ ತೆಗೆದುಕೊಳ್ಳುವುದು ಲೇಸು. ಎಂಟು ಗಂಟೆ ತಪ್ಪಿಲ್ಲದ ಕನ್ನಡದಲ್ಲಿ ಮಾತು ಕಾಯ್ದುಕೊಳ್ಳುವ ಶಕ್ತಿಗೆ ಪ್ರಮಾಣಪತ್ರದ ಅಗತ್ಯವೂ ಇಲ್ಲ.

4. ಖಾಸಗಿ ವಾಹಿನಿಗಳು
ಟಿ.ಎನ್. ಸೀತಾರಾಂ ಅವರ ‘ಮುಕ್ತ’ ಧಾರಾವಾಹಿಯಲ್ಲಿ ಅವರು ನಟಿಸಿದ್ದರು. 2013ರಲ್ಲಿ ‘ಬಿಗ್ ಬಾಸ್’ ಕನ್ನಡದ ಮೊದಲ ಆವೃತ್ತಿಯಲ್ಲಿ ಸ್ಪರ್ಧಿಯಾಗಿದ್ದರು. ಆ ಆವೃತ್ತಿ ಪ್ರಸಾರವಾದದ್ದು ಈಟಿವಿ ಕನ್ನಡದಲ್ಲಿ. ಆ ವಾಹಿನಿ ‘ಕಲರ್ಸ್ ಕನ್ನಡ’ವಾದದ್ದು 2015ರಲ್ಲಿ. ಸೃಜನ್ ಲೋಕೇಶ್ ಅವರ ಹಾಸ್ಯ ಕಾರ್ಯಕ್ರಮ ‘ಮಜಾ ಟಾಕೀಸ್’ನಲ್ಲಿ ಅವರು ಮಾಡಿದ ವರಲಕ್ಷ್ಮಿ ಪಾತ್ರವೂ ಅದೇ ವಾಹಿನಿಯದ್ದು. ಗಂಭೀರ ನಿರೂಪಕಿಯೆಂದೇ ಗುರುತಾಗಿದ್ದವರು ಹಾಸ್ಯಕ್ಕೆ ಹೊರಳಿದ್ದನ್ನು ವೃತ್ತಿಯ ಎರಡನೆಯ ಘಟ್ಟವೆಂದು ಪರಿಗಣಿಸಬಹುದು.

5. ಮೆಟ್ರೋ ಧ್ವನಿ
‘ನಮ್ಮ ಮೆಟ್ರೋ’ದ ಕನ್ನಡ ಪ್ರಕಟಣೆಗಳಿಗೆ ಅವರು ಧ್ವನಿ ನೀಡಿದ್ದರು. ಉತ್ತರ ಬೆಂಗಳೂರಿನ ಮಟ್ಟಿಗೆ ಇದನ್ನು ಹಸಿರು ಮಾರ್ಗದ ಕಾಲಾನುಕ್ರಮದೊಂದಿಗೆ ಇಟ್ಟು ನೋಡಬೇಕು. ಯಶವಂತಪುರ ನಿಲ್ದಾಣವನ್ನು ಒಳಗೊಂಡ ಸಂಪಿಗೆ ರಸ್ತೆ–ಪೀಣ್ಯ ಇಂಡಸ್ಟ್ರಿ ಭಾಗ 2014ರ ಮಾರ್ಚ್ 1ರಂದು ಆರಂಭವಾಯಿತು. ಮಾರ್ಗ ನಾಗಸಂದ್ರ ಮುಟ್ಟಿದ್ದು 2015ರ ಮೇ 1ರಂದು. ಮಾದಾವರದವರೆಗಿನ ವಿಸ್ತರಣೆ ತೆರೆದದ್ದು 2024ರ ನವೆಂಬರ್ 7ರಂದು, ಅವರು ತೀರಿಕೊಂಡ ಸುಮಾರು ನಾಲ್ಕು ತಿಂಗಳ ಬಳಿಕ. ಇಡೀ ಹಸಿರು ಮಾರ್ಗವನ್ನು ಅವರ ಧ್ವನಿಯ ಹೆಸರಿಗೆ ಬರೆಯುವವರು ಈ ಕೊನೆಯ ದಿನಾಂಕವನ್ನು ಗಮನಿಸಬೇಕು.