ಒಲೆ ಆರಿದ ಮೇಲೆ

ಗ್ಯಾಸ್ ಒಲೆ ಕೊಳ್ಳಲು ಅಂಗಡಿಗೆ ಹೋದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು. ಬರ್ನರ್ ಎಷ್ಟು? ಬೆಲೆ ಎಷ್ಟು? ಗ್ಯಾರಂಟಿ ಎಷ್ಟು ವರ್ಷ? ಮನೆಮಂದಿಯ ಊಟವೆಲ್ಲ ಮುಗಿದ ಮೇಲೆ ಈ ಒಲೆಯನ್ನು ಒರೆಸುವುದು ಹೇಗೆ ಎಂಬ ನಾಲ್ಕನೆಯ ಪ್ರಶ್ನೆ ಕೇಳುವವರು ಕಡಿಮೆ. ಅದನ್ನು ಕೇಳಬೇಕಾದವರು ಎಷ್ಟೋ ಸಲ ಅಂಗಡಿಗೆ ಬಂದೇ ಇರುವುದಿಲ್ಲ.

ಒಲೆಯ ಚರಿತ್ರೆ ಎಂದರೆ ಬೆಂಕಿಯ ಚರಿತ್ರೆ ಎಂದೇ ನಾವು ತಿಳಿಯುತ್ತೇವೆ. ಸೌದೆ ಹೋಗಿ ಇದ್ದಿಲು ಬಂತು, ಇದ್ದಿಲು ಹೋಗಿ ಸೀಮೆಎಣ್ಣೆ ಬಂತು, ಅದೂ ಹೋಗಿ ಅನಿಲ ಬಂತು ಎಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಉರಿಸುವ ವಸ್ತು ಬದಲಾದಾಗಲೆಲ್ಲ ಒಲೆಯ ಕೊಳೆಯೂ ಬದಲಾಗಿದೆ, ಕೊಳೆ ತೆಗೆಯುವ ಕೆಲಸವೂ ಬದಲಾಗಿದೆ. ಈ ಕಡೆಯಿಂದ ನೋಡಿದರೆ ಒಲೆಯ ಕಥೆಯಲ್ಲಿ ನಮಗೆ ಕಾಣದಿದ್ದ ಕೆಲವು ಸಂಗತಿಗಳು ಕಾಣುತ್ತವೆ.

ಒರೆಸದ ಒಲೆ

ಮಣ್ಣಿನ ಒಲೆಯನ್ನು ಯಾರೂ ಒರೆಸುತ್ತಿರಲಿಲ್ಲ, ಸಾರಿಸುತ್ತಿದ್ದರು. ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಒರೆಸುವುದೆಂದರೆ ಮೇಲೆ ಕುಳಿತ ಕೊಳೆಯನ್ನು ತೆಗೆಯುವುದು. ಸಾರಿಸುವುದೆಂದರೆ ಹಳೆಯ ಮೈಯ ಮೇಲೆ ಹೊಸ ಮೈಯನ್ನು ಬಳಿಯುವುದು. ಬೂದಿ ತೆಗೆದು, ಸೆಗಣಿ ಮತ್ತು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ ಒಲೆಗೆ ಸಾರಿಸಿದರೆ ಚೆಲ್ಲಿದ ಗಂಜಿಯ ಕಲೆ ಮುಚ್ಚಿಹೋಗುತ್ತಿತ್ತು. ಬೆಂಕಿಯ ಕಾವಿಗೆ ಬಿಟ್ಟಿದ್ದ ಬಿರುಕೂ ತುಂಬಿಕೊಳ್ಳುತ್ತಿತ್ತು. ಅದರ ಮೇಲೊಂದು ರಂಗೋಲಿಯ ಎಳೆ. ಶುಚಿ, ರಿಪೇರಿ, ಪೂಜೆ ಮೂರೂ ಒಂದೇ ಕೆಲಸದಲ್ಲಿ ಮುಗಿಯುತ್ತಿದ್ದವು.

ಒಲೆಯ ಪಕ್ಕದಲ್ಲೇ ಕೋಡೊಲೆ ಇರುತ್ತಿತ್ತು. ಮುಖ್ಯ ಒಲೆಯ ಉರಿಯಲ್ಲಿ ಉಳಿದದ್ದು ಅಲ್ಲಿಗೆ ಹರಿದು ಸಾರನ್ನೋ ಹಾಲನ್ನೋ ಬಿಸಿಯಾಗಿಡುತ್ತಿತ್ತು. ಪಾತ್ರೆ ತೊಳೆಯುವ ಪುಡಿಯನ್ನೂ ಒಲೆಯೇ ಒದಗಿಸುತ್ತಿತ್ತು. ಬೂದಿ, ಒಂದಿಷ್ಟು ಹುಣಸೆಹಣ್ಣು, ತೆಂಗಿನ ನಾರು ಇದ್ದರೆ ಹಿತ್ತಾಳೆಯೂ ಹೊಳೆಯುತ್ತಿತ್ತು. ಜಾಣ ಗೃಹಿಣಿಯರು ಪಾತ್ರೆಯನ್ನು ಉರಿಗೆ ಇಡುವ ಮೊದಲೇ ಅದರ ತಳಕ್ಕೆ ತೆಳುವಾಗಿ ಮಣ್ಣನ್ನೋ ಬೂದಿಯನ್ನೋ ಬಳಿಯುತ್ತಿದ್ದರು. ಮಸಿ ಆ ಲೇಪದ ಮೇಲೆ ಕೂರುತ್ತಿತ್ತು. ತೊಳೆಯುವಾಗ ಲೇಪದೊಡನೆ ಮಸಿಯೂ ಹೋಗುತ್ತಿತ್ತು. ಕೊಳೆಯಾದ ಮೇಲೆ ಉಜ್ಜುವುದಕ್ಕಿಂತ ಕೊಳೆ ಅಂಟದಂತೆ ಮಾಡುವುದು ಸುಲಭ ಎಂಬ ತಿಳಿವಳಿಕೆ ಹೊಸದೇನಲ್ಲ.

ಹಾಗೆಂದು ಆ ಒಲೆಯನ್ನು ಹೊಗಳಿ ಕುಳಿತರೆ ಅದರ ಮುಂದೆ ಕುಳಿತವರಿಗೆ ಅನ್ಯಾಯವಾದೀತು. ಹಸಿ ಸೌದೆ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದ ಇಂಗಾಲ ಮಸಿಯಾಗಿ ಗೋಡೆಗೆ, ತೊಲೆಗೆ, ಹೆಂಚಿಗೆ ಹತ್ತುತ್ತದೆ. ಮೇಲಿನಿಂದ ಇಲ್ಲಣವಾಗಿ ಜೋತುಬೀಳುತ್ತದೆ. ಅದೇ ಹೊಗೆ ಊದುಗೊಳವೆ ಹಿಡಿದವರ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುತ್ತದೆ. ಗೋಡೆಯ ಮಸಿಯನ್ನು ವರ್ಷಕ್ಕೊಮ್ಮೆ ಸುಣ್ಣ ಬಳಿದು ಮುಚ್ಚಬಹುದು. ಶ್ವಾಸಕೋಶಕ್ಕೆ ಸುಣ್ಣ ಬಳಿಯಲಾಗದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಅಸ್ತ್ರ ಒಲೆಯ ಪಾಠ

ಹೊಗೆಯನ್ನು ಮನೆಯಿಂದ ಹೊರಗೆ ಕಳಿಸುವ ಪ್ರಯತ್ನಗಳು ಸ್ವಾತಂತ್ರ್ಯದ ಹೊತ್ತಿಗೇ ಶುರುವಾಗಿದ್ದವು. 1940ರ ದಶಕದ ಕೊನೆಯಲ್ಲಿ ವಾರ್ಧಾದ ಮಗನವಾಡಿಯಲ್ಲಿ 'ಮಗನ್ ಚೂಲಾ' ಹುಟ್ಟಿತು. 1950ರ ದಶಕದಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಹೊಗೆಯಿಲ್ಲದ ಒಲೆಯನ್ನು ಪ್ರಚಾರ ಮಾಡಿದರು.

ಕರ್ನಾಟಕದ ಹಳ್ಳಿಗಳಿಗೆ ಚೆನ್ನಾಗಿ ಪರಿಚಯವಾದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗ ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನವನ್ನು ಒಯ್ಯುವ ಉದ್ದೇಶದ್ದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. 1980ರ ದಶಕದ ಆರಂಭದಲ್ಲಿ ಅಲ್ಲಿಯ ತಜ್ಞರು ಮೂರು ಪಾತ್ರೆ ಇಡಬಹುದಾದ ಮಣ್ಣಿನ ಒಲೆಯನ್ನು ರೂಪಿಸಿದರು. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಪಾತ್ರೆಗಳು ಒಲೆಯ ಬಾಯಿಗಳಲ್ಲಿ ಸರಿಯಾಗಿ ಕೂರುವುದರಿಂದ ಹೊಗೆ ಪಕ್ಕಕ್ಕೆ ಬಾರದೆ ಕೊಳವೆಯ ಮೂಲಕ ಸೂರಿನಾಚೆ ಹೋಗುತ್ತದೆ. ಸೌದೆ ಉಳಿಯಿತು, ಗೋಡೆಯ ಮಸಿ ಕಡಿಮೆಯಾಯಿತು.

ಆದರೆ ಕೊಳೆ ಮಾಯವಾಗಲಿಲ್ಲ, ಜಾಗ ಬದಲಿಸಿತು. ಗೋಡೆಗೆ ಹತ್ತಬೇಕಾದ ಮಸಿ ಈಗ ಹೊಗೆಕೊಳವೆಯೊಳಗೆ ಕಟ್ಟತೊಡಗಿತು. ಅದನ್ನು ಆಗಾಗ ತೆಗೆಯದಿದ್ದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಮಣ್ಣಿನ ಒಲೆಗೆ ಸಾರಿಸುವುದು ಕೂತಲ್ಲೇ ಆಗುವ ಕೆಲಸ. ಕೊಳವೆ ಚೊಕ್ಕಟ ಮಾಡಲು ಏಣಿ ಹತ್ತಬೇಕು, ಕೆಲವೆಡೆ ಸೂರಿನ ಹೆಂಚು ಸರಿಸಬೇಕು. ಅದು ಯಾರ ಕೆಲಸ? ಅಡುಗೆಮನೆಯ ಕೆಲಸವೆಂದು ಗಂಡಸರು ಬಿಟ್ಟರು, ಸೂರಿನ ಕೆಲಸವೆಂದು ಹೆಂಗಸರಿಗೆ ಆಗಲಿಲ್ಲ. ಕೇಂದ್ರ ಸರ್ಕಾರ 1983ರಲ್ಲಿ ಶುರುಮಾಡಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಡಿ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿಸಲಾಯಿತು. 2002ರಲ್ಲಿ ಕಾರ್ಯಕ್ರಮ ನಿಲ್ಲುವ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಬಳಕೆ ತಪ್ಪಿದ್ದವು. ಕಳಪೆ ಕಟ್ಟೋಣ, ಬಿರುಕು, ಕಟ್ಟಿಕೊಂಡ ಕೊಳವೆ ಇವೆಲ್ಲ ಅದಕ್ಕೆ ಕಾರಣ. ಹಾಕಿಸಿದ ಒಲೆಗಳ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ಅವುಗಳನ್ನು ಚೊಕ್ಕಟವಾಗಿಡುವವರ ಕಷ್ಟವನ್ನು ವಿಚಾರಿಸಲಿಲ್ಲ.

ಪಿನ್ನು, ಬತ್ತಿ, ನೀಲಿ ಉರಿ

ಪಟ್ಟಣಗಳಲ್ಲಿ ಕಥೆ ಬೇರೆ. ಅಲ್ಲಿ ಸೌದೆ ಒಲೆಯ ಜಾಗಕ್ಕೆ ಇದ್ದಿಲಿನ ಶೆಗಡಿ, ಮರದ ಹೊಟ್ಟಿನ ಒಲೆ, ಬಳಿಕ ಸೀಮೆಎಣ್ಣೆ ಸ್ಟೌ ಬಂದವು. ಪಂಪ್ ಸ್ಟೌವಿನ ಮೂಲ ಸ್ವೀಡನ್ನಿನದು. 1892ರಲ್ಲಿ ಸ್ಟಾಕ್‌ಹೋಮಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ 'ಪ್ರೈಮಸ್' ಸ್ಟೌವಿನ ಹೆಗ್ಗಳಿಕೆಯೇ ಮಸಿಯಿಲ್ಲದ ಉರಿ. ಬತ್ತಿಯ ಬದಲು ಒತ್ತಡದಲ್ಲಿ ಆವಿಯಾದ ಸೀಮೆಎಣ್ಣೆ ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತಿತ್ತು.

ಈ ಉರಿ ಹೊರಡುವ ರಂಧ್ರ ಕೂದಲೆಳೆಯಷ್ಟು ಸಣ್ಣದು. ಅದು ಕಟ್ಟಿಕೊಂಡರೆ ಉರಿ ಹಳದಿಯಾಗಿ, ಪಾತ್ರೆಯ ತಳ ಕಪ್ಪಾಗುತ್ತಿತ್ತು. ತಗಡಿನ ಪಟ್ಟಿಯ ತುದಿಗೆ ಸಣ್ಣ ತಂತಿ ಸಿಕ್ಕಿಸಿದ ಸ್ಟೌ ಪಿನ್ನು ಹಳೆಯ ಅಡುಗೆಮನೆಗಳ ಗೂಡಿನಲ್ಲಿ ಬೆಂಕಿಪೊಟ್ಟಣದ ಪಕ್ಕವೇ ಇರುತ್ತಿತ್ತು. ಬತ್ತಿ ಸ್ಟೌ ಅಷ್ಟು ಸದ್ದು ಮಾಡುತ್ತಿರಲಿಲ್ಲ, ಆದರೆ ಅದರ ಬತ್ತಿಗಳನ್ನು ಸಮನಾಗಿ ಕತ್ತರಿಸುತ್ತಿರಬೇಕಿತ್ತು. ಇಂಡಿಯನ್ ಆಯಿಲ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ ರೂಪಿಸಿದ 'ನೂತನ್' ಸ್ಟೌ ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕಾವು ಕೊಡುವ ಉದ್ದೇಶದ್ದು.

ಸೀಮೆಎಣ್ಣೆ ಸ್ಟೌವಿಗೆ ಇನ್ನೊಂದು ಕರಾಳ ಮುಖವೂ ಇದೆ. 'ಸ್ಟೌ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿ ಒಂದು ಕಾಲಕ್ಕೆ ಪತ್ರಿಕೆಗಳ ಒಳಪುಟದಲ್ಲಿ ತೀರಾ ಮಾಮೂಲಾಗಿತ್ತು. ಎಷ್ಟು ಸಲ ಸಿಡಿದದ್ದು ನಿಜವಾಗಿ ಸ್ಟೌ, ಎಷ್ಟು ಸಲ ವರದಕ್ಷಿಣೆಯ ಹಿಂಸೆಗೆ ಸ್ಟೌವಿನ ಹೆಸರು ಹಚ್ಚಲಾಯಿತು ಎಂಬ ಪ್ರಶ್ನೆಯನ್ನು ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು 1990ರ ದಶಕದಲ್ಲಿ ಎತ್ತಿದವು. ಒಲೆಯ ಚರಿತ್ರೆಯಲ್ಲಿ ಈ ಪುಟವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅನಿಲ ಬಂದ ಮೇಲೆ

ಬರ್ಮಾ ಶೆಲ್ ಕಂಪನಿ 1955ರಲ್ಲಿ ಮುಂಬೈಯಲ್ಲಿ ಅಡುಗೆ ಅನಿಲದ ಮಾರಾಟ ಶುರುಮಾಡಿತು. ಇಂಡಿಯನ್ ಆಯಿಲ್‌ನ 'ಇಂಡೇನ್' 1965ರಲ್ಲಿ ಕೋಲ್ಕತ್ತದಲ್ಲಿ ಆರಂಭವಾಯಿತು. ಸಂಪರ್ಕಕ್ಕಾಗಿ ವರ್ಷಗಟ್ಟಲೆ ಕಾಯುವ ಕಾಲ ಬಹಳ ದಿನ ಇತ್ತು. ಅನಿಲದೊಡನೆ ಒಲೆ ನೆಲದಿಂದ ಕಟ್ಟೆಗೆ ಏರಿತು, ಅಡುಗೆಯವರು ಎದ್ದು ನಿಂತರು. ಮಸಿ ಹೋಯಿತು, ಬೂದಿಯೂ ಹೋಯಿತು. ಬೂದಿ ಹೋದದ್ದರಿಂದ ಪಾತ್ರೆ ತೊಳೆಯುವ ಪುಡಿಯನ್ನು ಅಂಗಡಿಯಿಂದ ತರಬೇಕಾಯಿತು.

ಈಗ ಉಳಿದ ಕೊಳೆ ಬೆಂಕಿಯದ್ದಲ್ಲ, ಅಡುಗೆಯದ್ದು. ಉಕ್ಕಿದ ಹಾಲು, ಅನ್ನದ ಗಂಜಿ, ಒಗ್ಗರಣೆಯ ಎಣ್ಣೆ, ಬದನೆಕಾಯಿ ಸುಡುವಾಗ ತೊಟ್ಟಿಕ್ಕುವ ರಸ. ಗೃಹಪ್ರವೇಶದ ದಿನ ಬೇಕೆಂದೇ ಹಾಲುಕ್ಕಿಸುವ ನಾವು ಮರುದಿನದಿಂದ ಅದನ್ನೇ ಉಜ್ಜುತ್ತ ಕೂರುತ್ತೇವೆ. ಹಾಲಿನಲ್ಲಿ ಸಕ್ಕರೆಯ ಅಂಶ ಮತ್ತು ಪ್ರೋಟೀನು ಎರಡೂ ಇವೆ. ಬಿಸಿ ಲೋಹದ ಮೇಲೆ ಅವು ಸುಟ್ಟು ಅಂಟುತ್ತವೆ. ತಕ್ಷಣ ಒದ್ದೆ ಬಟ್ಟೆ ಹಾಕಿದರೆ ಬರುವ ಕಲೆ ಮರುದಿನ ಉಗುರಿಗೂ ಬಗ್ಗುವುದಿಲ್ಲ.

ಉಕ್ಕಿದ್ದು ಬರ್ನರಿನ ತೂತಿಗೆ ಇಳಿದರೆ ಅದು ಬರಿಯ ಅಂದದ ಪ್ರಶ್ನೆಯಲ್ಲ. ಅನಿಲಕ್ಕೆ ಸರಿಯಾಗಿ ಗಾಳಿ ಬೆರೆಯದೆ ನೀಲಿ ಉರಿ ಹಳದಿಗೆ ತಿರುಗುತ್ತದೆ, ಹೊಳೆಯುವ ಪಾತ್ರೆಗೆ ಮತ್ತೆ ಮಸಿ ಹತ್ತುತ್ತದೆ. ಗ್ಯಾಸ್ ಒಲೆ ಕನಿಷ್ಠ ಶೇ 68ರಷ್ಟು ಕಾವನ್ನು ಪಾತ್ರೆಗೆ ಮುಟ್ಟಿಸಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ತೂತು ಕಟ್ಟಿದ ಬರ್ನರಿನಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ಉಕ್ಕೋ, ಗಾಜೋ?

ಇಂದಿನ ಒಲೆಗಳ ಮೈ ಎರಡು ಬಗೆಯದು. ಸ್ಟೇನ್‌ಲೆಸ್ ಸ್ಟೀಲನ್ನು 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತಯಾರಿಸಿದಾಗ ಅವರ ತಲೆಯಲ್ಲಿದ್ದದ್ದು ಬಂದೂಕಿನ ನಳಿಗೆ, ಅಡುಗೆಮನೆಯಲ್ಲ. ಅದರಲ್ಲಿರುವ ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳು ಪದರವಾಗಿ ತುಕ್ಕನ್ನು ತಡೆಯುತ್ತದೆ. ಕಬ್ಬಿಣದ ನಾರಿನಿಂದ ಒರಟಾಗಿ ಉಜ್ಜಿದರೆ ಮೈಗೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಜಿಡ್ಡು ಕೂರುತ್ತದೆ. ಉಪ್ಪಿನ ಸಾರು ಚೆಲ್ಲಿ ಹಾಗೇ ಬಿಟ್ಟರೆ ಸ್ಟೀಲಿಗೂ ಚುಕ್ಕೆ ಬಿದ್ದೀತು.

ಗಾಜಿನ ಮೈ ನೋಡಲು ಚೆಂದ, ಒಂದೇ ಹಾಳೆಯಾದ್ದರಿಂದ ಒರೆಸಲೂ ಸುಲಭ. ಗ್ಯಾಸ್ ಒಲೆಗೆ ಹಾಕುವುದು ಕಾಯಿಸಿ ಗಟ್ಟಿ ಮಾಡಿದ ಗಾಜು. ಬಿಸಿಯಾಗಿದ್ದಾಗ ತಣ್ಣೀರು ಸುರಿದರೆ ಅಥವಾ ಭಾರದ ಪಾತ್ರೆ ಬಿದ್ದರೆ ಅದು ಚೂರುಚೂರಾಗಬಹುದು. ಕೋಲು ಹಾಕಿ ರಾಗಿಮುದ್ದೆ ತೊಳಸುವ ಮನೆಗೆ ಅಗಲ ಕಾಲಿನ, ಭಾರವಾದ ಸ್ಟೀಲ್ ಒಲೆಯೇ ವಾಸಿ. ವಿದ್ಯುತ್ತಿನ ಇಂಡಕ್ಷನ್ ಒಲೆಯಲ್ಲಿ ಕಾಯುವುದು ಪಾತ್ರೆಯ ತಳ. ಗಾಜಿಗೆ ಪಾತ್ರೆಯಿಂದ ತಾಗುವ ಬಿಸಿಯಷ್ಟೇ ಆದ್ದರಿಂದ ಚೆಲ್ಲಿದ್ದು ಅಷ್ಟಾಗಿ ಸುಟ್ಟು ಅಂಟುವುದಿಲ್ಲ. ಶುಚಿಯ ಲೆಕ್ಕದಲ್ಲಿ ಅದಕ್ಕೇ ಮೊದಲ ಅಂಕ. ಆದರೆ ಕಬ್ಬಿಣ ಅಥವಾ ಅಯಸ್ಕಾಂತ ಹಿಡಿಯುವ ಸ್ಟೀಲಿನ ಪಾತ್ರೆಯೇ ಬೇಕು, ಬದನೆಕಾಯಿ ಸುಡಲಾಗದು, ಕರೆಂಟು ಹೋದರೆ ಕಾಯುತ್ತ ಕೂರಬೇಕು. ಎಲ್ಲರ ಮನೆ ದೋಸೆಯೂ ತೂತೇ.

ಹಾಗಾದರೆ ಒಲೆ ಆರಿಸುವಾಗ ನೋಡಬೇಕಾದದ್ದೇನು? ಮೊದಲನೆಯದು ಸಂದುಗಳು. ಕೊಳೆ ಸಮತಟ್ಟಾದ ಜಾಗದಲ್ಲಿ ನಿಲ್ಲುವುದಿಲ್ಲ, ತಿರುಪು, ಬೆಸುಗೆ, ಮಡಿಕೆಗಳಲ್ಲಿ ನಿಲ್ಲುತ್ತದೆ. ಒಂದೇ ತಗಡನ್ನು ಒತ್ತಿ ಮಾಡಿದ, ಅಂಚು ತುಸು ಎದ್ದಿರುವ ಒಲೆ ಒಳ್ಳೆಯದು. ಎರಡನೆಯದು, ಬಿಡಿಭಾಗಗಳು. ಪಾತ್ರೆ ಇಡುವ ಕಂಬಿ, ಬರ್ನರಿನ ತಲೆ, ಕೆಳಗಿನ ತಟ್ಟೆ, ತಿರುಗಿಸುವ ಗುಂಡಿ ಇವೆಲ್ಲ ಕೈಯಲ್ಲೇ ಬಿಚ್ಚಿ ಬರಬೇಕು, ಮನೆಯ ಸಿಂಕಿನಲ್ಲಿ ಹಿಡಿಸಬೇಕು. ಮೂರನೆಯದು, ಒಲೆಯ ಕೆಳಗೆ ಅಂಗೈ ಆಡುವಷ್ಟು ಜಾಗ. ಕಟ್ಟೆಯೊಳಗೆ ಕೂರಿಸುವ ಒಲೆಗೆ ಆ ತೊಂದರೆ ಇಲ್ಲ, ಆದರೆ ರಿಪೇರಿಗೆ ಅದನ್ನು ಎಬ್ಬಿಸಬೇಕಾಗುತ್ತದೆ. ನಾಲ್ಕನೆಯದು, ಬರ್ನರುಗಳ ನಡುವಿನ ಅಂತರ. ಚಿಕ್ಕ ಮೈಯ ಮೇಲೆ ನಾಲ್ಕು ಬರ್ನರು ತುರುಕಿದರೆ ನಡುವೆ ಬೆರಳೂ ಹೋಗದು. ಸಣ್ಣ ಸಂಸಾರಕ್ಕೆ ಎರಡು ಸಾಕು. ಒರೆಸುವ ಮುನ್ನ ರೆಗ್ಯುಲೇಟರ್ ಮುಚ್ಚಿ ಒಲೆ ಆರಲು ಬಿಡಬೇಕು, ತೊಳೆದ ಬರ್ನರನ್ನು ಪೂರ್ತಿ ಒಣಗಿಸಿ ಕೂರಿಸಬೇಕು.

ಈ ಆಯ್ಕೆಯ ಭಾಗ್ಯ ಎಲ್ಲರಿಗೂ ಇಲ್ಲ ಎಂಬುದನ್ನೂ ಹೇಳಲೇಬೇಕು. 2011ರ ಜನಗಣತಿಯಂತೆ ದೇಶದ ಪ್ರತಿ 100 ಮನೆಗಳಲ್ಲಿ 49 ಮನೆಗಳು ಸೌದೆಯನ್ನೇ ನೆಚ್ಚಿಕೊಂಡಿದ್ದವು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಮನೆಯ ಹೆಂಗಸಿನ ಹೆಸರಿನಲ್ಲೇ ಸಂಪರ್ಕ ಕೊಟ್ಟು, 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಮನೆ ಮುಟ್ಟಿತು. ಆದರೆ 2018ರ ಕೊನೆಗೆ ಈ ಮನೆಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್ ಮಾತ್ರ ತುಂಬಿಸಿಕೊಳ್ಳುತ್ತಿದ್ದವೆಂದು ಮಹಾಲೇಖಪಾಲರ ವರದಿ ಹೇಳಿತು. ಉಳಿದ ದಿನಗಳಲ್ಲಿ ಹೊಳೆಯುವ ಒಲೆಯ ಪಕ್ಕದಲ್ಲೇ ಸೌದೆ ಉರಿಯುತ್ತಿತ್ತು. ಆ ಮನೆಯಾಕೆಗೆ ಒರೆಸುವ ಕೆಲಸವೂ ಇದೆ, ಸಾರಿಸುವ ಕೆಲಸವೂ ಇದೆ.

ಕೊಳ್ಳುವ ಶಕ್ತಿ ಇರುವವರು ಮುಂದಿನ ಸಲ ಅಂಗಡಿಗೆ ಹೊರಟಾಗ ಒಂದು ಕೆಲಸ ಮಾಡಬಹುದು. ದಿನವೂ ಒಲೆ ಒರೆಸುವವರನ್ನು, ಅವರು ಹೆಂಡತಿಯಾಗಿರಲಿ, ತಾಯಿಯಾಗಿರಲಿ, ಮನೆಗೆಲಸಕ್ಕೆ ಬರುವ ಹೆಂಗಸಾಗಿರಲಿ, ಜೊತೆಗೆ ಕರೆದೊಯ್ದು ಒಲೆಯ ಕಂಬಿ ಎತ್ತಿ, ಸಂದಿಗೆ ಬೆರಳು ಹಾಕಿ ನೋಡಲು ಹೇಳಬೇಕು. ಬೆಲೆ ವಿಚಾರಿಸುವುದು ಆಮೇಲೆ.